ಕಾರಿಗೊಂದು ಠಾವು

ದೊಡ್ಡ ನಗರದ ಅಂಗಡಿಬೀದಿಯಲ್ಲಿ ನಿಂತು ನೋಡುವವರಿಗೆ, ಎದುರು ಸಾಗುವ ಕಾರುಗಳೆಲ್ಲವೂ ಎಲ್ಲಿಗೋ ಹೋಗುತ್ತಿವೆಯೆಂದೇ ತೋರುತ್ತದೆ. ವಾಸ್ತವವಾಗಿ ಅವುಗಳಲ್ಲಿ ಕೆಲವು ಸೇರಬೇಕಾದ ಸ್ಥಳವನ್ನು ಆಗಲೇ ಸೇರಿರುತ್ತವೆ. ನಿಲ್ಲಲು ಠಾವು ದೊರೆಯದೆ ಗಾಣದ ಎತ್ತಿನಂತೆ ಅವೇ ಬೀದಿಗಳನ್ನು ಸುತ್ತುತ್ತಿರುತ್ತವೆ. ಚಾಲಕನ ಕಣ್ಣು ಮುಂದಿನ ದಾರಿಯ ಮೇಲಿರುವುದಿಲ್ಲ, ರಸ್ತೆಯ ಅಂಚಿನ ಮೇಲಿರುತ್ತದೆ. ರಸ್ತೆ ದಾಟುವ ಮಕ್ಕಳಿಗೂ ಮುದುಕರಿಗೂ ಇದರಿಂದ ಒದಗುವ ಅಪಾಯ ಸಣ್ಣದಲ್ಲ.

ಈ ಅಲೆದಾಟವನ್ನು ಅಳೆಯುವುದು ಕಷ್ಟ. ಹುಡುಕುವ ಕಾರಿಗೂ ಹಾದುಹೋಗುವ ಕಾರಿಗೂ ಹೊರನೋಟಕ್ಕೆ ಭೇದವಿಲ್ಲ. ಅಮೆರಿಕದ ಲಾಸ್ ಏಂಜಲೀಸ್ ನಗರದಲ್ಲಿ ನಗರಯೋಜನೆಯ ಪ್ರಾಧ್ಯಾಪಕರಾಗಿದ್ದ ಡೊನಾಲ್ಡ್ ಶೂಪ್ ಅವರು 1984ರಲ್ಲಿ ತಮ್ಮ ವಿದ್ಯಾರ್ಥಿಗಳೊಡನೆ ಇದಕ್ಕೊಂದು ಉಪಾಯವನ್ನು ಕಂಡುಕೊಂಡರು. ವೆಸ್ಟ್‌ವುಡ್ ಎಂಬ ವ್ಯಾಪಾರಸ್ಥಳದಲ್ಲಿ ಅವರಲ್ಲಿ ಹೆಚ್ಚಿನವರು ಸೈಕಲ್ ಏರಿ, ಕಾರಿನವರಂತೆಯೇ ಖಾಲಿ ಠಾವು ಸಿಗುವವರೆಗೆ ಸುತ್ತಿದರು. ಅಲ್ಲಿ ಕಾರುಗಳ ವೇಗ ಅಷ್ಟು ಕಡಿಮೆಯಾಗಿದ್ದುದರಿಂದ ಸೈಕಲ್ಲು ಹಿಂದೆ ಬೀಳಲಿಲ್ಲ!

ಒಂದು ಹುಡುಕಾಟಕ್ಕೆ ಸರಾಸರಿ 3.3 ನಿಮಿಷ ಹಿಡಿಯಿತು. ಕ್ರಮಿಸಿದ ದೂರ ಸುಮಾರು 800 ಮೀಟರು. ಅಲ್ಪವೆಂದೇ ತೋರುವ ಮೊತ್ತ. ಆದರೆ ಅಲ್ಲಿನ 470 ಠಾವುಗಳಲ್ಲಿ ದಿನಕ್ಕೆ ಸುಮಾರು 8,000 ಕಾರುಗಳು ಬಂದು ನಿಲ್ಲುತ್ತಿದ್ದವು. ವರ್ಷದ ಲೆಕ್ಕ ಹಾಕಿದಾಗ ಸುತ್ತಾಟದ ದೂರ 15 ಲಕ್ಷ ಕಿಲೋಮೀಟರುಗಳಷ್ಟಾಯಿತು. ಇದು ಭೂಮಿಯಿಂದ ಚಂದ್ರನಿಗಿರುವ ದೂರದ ಸುಮಾರು ನಾಲ್ಕರಷ್ಟು. ಇದಕ್ಕಾಗಿ ಉರಿದ ಪೆಟ್ರೋಲು ಸುಮಾರು 1,78,000 ಲೀಟರು.

ಇದಕ್ಕೆ ಕಾರಣ ಸ್ಥಳದ ಅಭಾವವೊಂದೇ ಅಲ್ಲ. ರಸ್ತೆಯಂಚಿನಲ್ಲಿ ನಿಲ್ಲಿಸಲು ಗಂಟೆಗೆ ಅರ್ಧ ಡಾಲರು. ಹತ್ತಿರದ ನಿಲುಗಡೆ ಕಟ್ಟಡಗಳಲ್ಲಿ ಕನಿಷ್ಠ ಒಂದು ಡಾಲರು. ಅರ್ಧ ಡಾಲರು ಉಳಿಸಲು ಚಾಲಕನು ಸುತ್ತುತ್ತಿದ್ದನು. ಅವನ ಮಟ್ಟಿಗೆ ಅದು ಲಾಭವೇ. ಹೊಗೆಯೂ ದಟ್ಟಣೆಯೂ ಮಾತ್ರ ಎಲ್ಲರ ಪಾಲು.

ರಸ್ತೆಯಂಚಿಗೆ ಬೆಲೆ ಕಟ್ಟುವ ಪ್ರಯತ್ನ ಹೊಸದಲ್ಲ. ಓಕ್ಲಹೋಮಾ ನಗರದಲ್ಲಿ ಕಚೇರಿಯ ನೌಕರರು ದಿನವಿಡೀ ಅಂಗಡಿಗಳ ಮುಂದೆ ಕಾರು ನಿಲ್ಲಿಸುತ್ತಿದ್ದುದರಿಂದ ಗಿರಾಕಿಗಳಿಗೆ ಎಡೆಯಿರಲಿಲ್ಲ. 1935ರ ಜುಲೈ 16ರಂದು ಜಗತ್ತಿನ ಮೊದಲ ನಿಲುಗಡೆ ಮೀಟರು ಅಲ್ಲಿ ಕಾರ್ಯಾರಂಭ ಮಾಡಿತು. ಕಾಲಕ್ರಮದಲ್ಲಿ ಮೀಟರುಗಳು ಹಬ್ಬಿದವಾದರೂ, ಬೇಡಿಕೆ ಏರಿದಂತೆ ಅವುಗಳ ದರ ಅನೇಕ ಕಡೆ ಏರಲಿಲ್ಲ.

ಪ್ರತಿ ಬೀದಿಯಲ್ಲೂ ಒಂದೆರಡು ಠಾವು ಸದಾ ಖಾಲಿ ಉಳಿಯುವಂತೆ ದರವನ್ನು ಗೊತ್ತುಪಡಿಸಬೇಕೆಂಬುದು ಶೂಪ್ ಅವರ ಸೂಚನೆ. ಬಡವರಿಗೆ ಇದು ಹೊರೆಯಾಗದೇ ಎಂಬ ಆಕ್ಷೇಪ ನ್ಯಾಯವಾದುದೇ. ಆದರೆ ಕಾರೇ ಇಲ್ಲದವರೂ ಆ ಹೊಗೆಯನ್ನು ಕುಡಿಯುತ್ತಾರೆ. ಸ್ಯಾನ್ ಫ್ರಾನ್ಸಿಸ್ಕೋ ನಗರವು 2011ರಲ್ಲಿ ಈ ವಿಧಾನವನ್ನು ಪರೀಕ್ಷಿಸಿತು. ತುಂಬಿದ ಬೀದಿಗಳಲ್ಲಿ ದರ ಏರಿತು. ಬರಿದಾಗಿದ್ದ ಬೀದಿಗಳಲ್ಲಿ ಇಳಿಯಿತು.