ಹೇಮಕೂಟದ ಉರಿ, ಊರೂರ ಕಾಮಣ್ಣ

ಭರತ ಹುಣ್ಣಿಮೆಗೆ ಹಡಗಲಿ ತಾಲ್ಲೂಕಿನ ಮೈಲಾರ ಜಾತ್ರೆ, ಅದರ ಬೆನ್ನಿಗೇ ಕೊಟ್ಟೂರಿನಲ್ಲಿ ಗುರುಬಸವೇಶ್ವರನ ತೇರು. ಅಷ್ಟರಲ್ಲಿ ಹಿಂಗಾರಿ ಜೋಳ, ಕಡಲೆ ಮನೆ ಸೇರಿ ಹೊಲಗಳು ಬರಿದಾಗಿರುತ್ತವೆ. ಆಮೇಲೆ ಬರುವುದೇ ಫಾಲ್ಗುಣದ ಹುಣ್ಣಿಮೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯಲ್ಲಿ ಅದು ಕಾಮನ ಹುಣ್ಣಿಮೆ. ಯುಗಾದಿಗೆ ಮುನ್ನ, ವರ್ಷದ ಕೊನೆಯ ಹುಣ್ಣಿಮೆಗೆ ಹೊತ್ತುವ ಬೆಂಕಿ.

ಈ ಬೆಂಕಿಯ ಹಿಂದೆ ಪುರಾಣದ ಕಥೆಯಿದೆ. ತಾರಕಾಸುರನನ್ನು ಕೊಲ್ಲಲು ಶಿವನ ಮಗನೇ ಹುಟ್ಟಬೇಕು. ಶಿವನೋ ತಪಸ್ಸಿನಲ್ಲಿದ್ದ. ದೇವತೆಗಳ ಮಾತಿಗೆ ಕಟ್ಟುಬಿದ್ದು ಹೂಬಾಣ ಬಿಟ್ಟ ಮನ್ಮಥ, ಅಂದರೆ ಕಾಮ, ಶಿವನ ಹಣೆಗಣ್ಣಿನ ಉರಿಗೆ ಬೂದಿಯಾದ. ಪುರಾಣದ ಈ ಪ್ರಸಂಗ ನಡೆದದ್ದು ದೂರದ ಹಿಮಾಲಯದಲ್ಲಲ್ಲ, ನಮ್ಮ ಹೇಮಕೂಟ ಬೆಟ್ಟದ ಮೇಲೆ ಎನ್ನುತ್ತದೆ ಹಂಪಿಯ ಸ್ಥಳಪುರಾಣ. ಪಂಪಾದೇವಿ ತಪಸ್ಸು ಮಾಡಿ ಶಿವನನ್ನು ಒಲಿಸಿಕೊಂಡದ್ದೂ ಇಲ್ಲೇ, ತುಂಗಭದ್ರೆಯ ದಂಡೆಯಲ್ಲಿ. ವಿರೂಪಾಕ್ಷನ ಗುಡಿಯ ಪಕ್ಕದ ಹೊಂಡಕ್ಕೆ ಇಂದಿಗೂ ಮನ್ಮಥನ ಹೆಸರಿದೆ. 2021ರಲ್ಲಿ ವಿಜಯನಗರ ಜಿಲ್ಲೆಯಾದಾಗ ಮೇಲೆ ಹೇಳಿದ ಐದೂ ತಾಲ್ಲೂಕುಗಳು ಹಂಪಿಯೊಂದಿಗೇ ಅದರೊಳಗೆ ಸೇರಿದವು. ಕಾಮ ಸುಟ್ಟುಹೋದ ನೆಲ ಈ ಸೀಮೆಯವರ ಜಿಲ್ಲೆಯಲ್ಲೇ ಇದೆ.

ಹುಣ್ಣಿಮೆಗೆ ಕೆಲವು ದಿನ ಮೊದಲೇ ಹುಡುಗರ ದಂಡು ಮನೆಮನೆಗೆ ಹೊರಡುತ್ತದೆ. ಕಟ್ಟಿಗೆ, ಕುಳ್ಳು ಕೊಟ್ಟರೆ ಸರಿ, ಕೊಡದಿದ್ದರೆ ಕದ್ದಾದರೂ ತರುತ್ತಾರೆ. ಈ ಕಳವಿಗೆ ಊರಿನಲ್ಲಿ ಮಾಫಿ ಉಂಟು. ಬೆಂಕಿ ಹೊತ್ತುವ ಮುನ್ನ ಹಲಗೆಯ ಚರ್ಮವನ್ನು ಉರಿಗೆ ಹಿಡಿದು ಕಾಯಿಸುತ್ತಾರೆ. ಬಿಗಿ ಕೂತ ಚರ್ಮ ಖಣಿಖಣಿ ನುಡಿಯತೊಡಗಿದರೆ ಓಣಿಯ ಜನವೆಲ್ಲ ಹೊರಗೆ. ಹೀಗೆ ಒಟ್ಟಿದ ಕಾಮಣ್ಣನಿಗೆ ಕಿಚ್ಚು ತಗುಲಿದ ಕೂಡಲೇ ಬಾಯಿ ಬಾಯಿ ಬಡಿದುಕೊಂಡು ಬೊಬ್ಬೆ. ಉತ್ತರ ಕರ್ನಾಟಕದ ಹಲವು ಹಳ್ಳಿಗಳಲ್ಲಿ ಈ ಕಿಚ್ಚನ್ನು ದಲಿತರ ಕೇರಿಯಿಂದಲೇ ತರುವ ಪದ್ಧತಿ ಇದೆ. ಉರಿ ಇಳಿದ ಮೇಲೆ ಕೆಂಡದಲ್ಲಿ ಕಡಲೆ ಸುಟ್ಟು ತಿನ್ನುತ್ತಾರೆ, ಹಲ್ಲು ಗಟ್ಟಿಯಾಗುತ್ತದೆಂಬ ನಂಬಿಕೆ. ಒಂದಿಷ್ಟು ಕೆಂಡ ಮನೆಯ ಒಲೆಗೂ ಹೋಗುತ್ತದೆ. ಮರುದಿನ ಓಕುಳಿ.

ಕಾಮನನ್ನು ಸುಟ್ಟವರೇ ಅವನಿಗಾಗಿ ಅಳುವುದು ಈ ಹಬ್ಬದ ಹಿರಿಮೆ. ಕಾಮ ಸೋತು ಹೋದದ್ದನ್ನು ಕನ್ನಡದ ಮನಸ್ಸು ಪೂರ್ತಿ ಒಪ್ಪಿಕೊಂಡಂತಿಲ್ಲ. 13ನೇ ಶತಮಾನದ ಆಂಡಯ್ಯ ತನ್ನ ‘ಕಬ್ಬಿಗರ ಕಾವ’ದಲ್ಲಿ ಕಥೆಯನ್ನೇ ತಿರುವಿದ. ಅಲ್ಲಿ ಕಾಮನ ಬಾಣಕ್ಕೆ ಸೋತ ಶಿವ ಅರ್ಧನಾರಿಯಾಗುತ್ತಾನೆ.

ಇಂಥ ಬೆಂಕಿಗೆ ಟೈರು, ಪ್ಲಾಸ್ಟಿಕ್ ಹಾಕುವುದು ಸಲ್ಲದು. ಮಳೆ ಕಡಿಮೆಯಾದ ಈ ನೆಲದಲ್ಲಿ ಹಸಿ ಬೇವು, ಹುಣಸೆ ಕಡಿಯುವುದಂತೂ ಪಾಪ. ಹೊಲದ ಬದುಗಳಲ್ಲಿ ಬೇಡವೆಂದರೂ ಬೆಳೆಯುವ ಬಳ್ಳಾರಿ ಜಾಲಿ ಇದೆಯಲ್ಲ, ಅದನ್ನೇ ಕಡಿದು ಒಣಗಿಸಿಡಿ. ಹೊಲವೂ ಹಸನಾಗುತ್ತದೆ, ಕಾಮಣ್ಣನೂ ಚೆನ್ನಾಗಿ ಉರಿಯುತ್ತಾನೆ.