ಗೀಸರ್‌ನಲ್ಲಿ ಕೇಳಿಬರುವ ಅಸಹಜ ಶಬ್ದಗಳು: ಕಾರಣಗಳು ಮತ್ತು ಗ್ರಾಹಕರು ಕೈಗೊಳ್ಳಬೇಕಾದ ಕ್ರಮಗಳು

ಸ್ನಾನದ ನೀರು ಕಾಯಿಸಲು ಹಂಡೆ ಒಲೆಗಳಿದ್ದ ಕಡೆ ಇಂದು ಅನೇಕ ಮನೆಗಳಲ್ಲಿ ವಿದ್ಯುತ್ ಅಥವಾ ಅನಿಲ ಗೀಸರ್ ಬಳಕೆಯಲ್ಲಿದೆ. ಕೆಲವು ವರ್ಷಗಳ ಬಳಕೆಯ ನಂತರ ಗೀಸರ್‌ನಿಂದ ಚಟಪಟ, ಗುಳುಗುಳು, ಸುಯ್ ಎಂಬ ಶಬ್ದಗಳು ಬರುವುದು ಸಾಮಾನ್ಯ. ಇವುಗಳಲ್ಲಿ ಹೆಚ್ಚಿನವು ಅಪಾಯಕಾರಿಯಲ್ಲ. ಆದರೆ ಕೆಲವು ಶಬ್ದಗಳು ಪ್ರಾಣಾಪಾಯದ ಮುನ್ಸೂಚನೆಯಾಗಿರುತ್ತವೆ. ಇವೆರಡರ ನಡುವಿನ ವ್ಯತ್ಯಾಸವನ್ನು ಸಾರ್ವಜನಿಕರು ಅರಿತಿರುವುದು ಅವಶ್ಯಕ.

ಶಬ್ದವನ್ನು ಗುರುತಿಸುವ ವಿಧಾನ

ಶಬ್ದ ಹೇಗಿದೆ ಎಂಬುದಕ್ಕಿಂತ ಯಾವಾಗ ಬರುತ್ತದೆ ಎಂಬುದು ಮುಖ್ಯ. ಗ್ರಾಹಕರು ಈ ಕೆಳಕಂಡ ಅಂಶಗಳನ್ನು ಗಮನಿಸಿ ಬರೆದಿಟ್ಟುಕೊಳ್ಳುವುದು ಸೂಕ್ತ.

1. ನೀರು ಕಾಯುತ್ತಿರುವಾಗ ಮಾತ್ರ ಬರುತ್ತದೆಯೇ?
2. ನಲ್ಲಿ ತೆರೆದಾಗ ಅಥವಾ ಮುಚ್ಚಿದಾಗ ಬರುತ್ತದೆಯೇ?
3. ಶಬ್ದ ಬರುತ್ತಿರುವುದು ತೊಟ್ಟಿಯಿಂದಲೋ, ಕೊಳವೆಯಿಂದಲೋ ಅಥವಾ ಸ್ವಿಚ್ಚಿನಿಂದಲೋ?

ನೀರು ಕಾಯುವಾಗ ಬರುವ ಚಟಪಟ ಶಬ್ದ

ಇದಕ್ಕೆ ಮುಖ್ಯ ಕಾರಣ ಗಡಸು ನೀರು. ಕೊಳವೆ ಬಾವಿಯ ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಲವಣಗಳು ನೀರು ಬಿಸಿಯಾದಂತೆ ಬೇರ್ಪಟ್ಟು ಕಾಯಿಲ್‌ನ ಮೇಲೆ ಸುಣ್ಣದ ಪದರವಾಗಿ ಕೂರುತ್ತವೆ. ಈ ಪದರದ ಸಂದುಗಳಲ್ಲಿ ಸಿಲುಕಿದ ನೀರು ಕುದಿದು ಆವಿಯ ಗುಳ್ಳೆಗಳಾಗುತ್ತದೆ. ಗುಳ್ಳೆಗಳು ಸುತ್ತಲಿನ ತಣ್ಣನೆಯ ನೀರಿಗೆ ತಾಗಿ ಕುಸಿದಾಗ ಶಬ್ದ ಉಂಟಾಗುತ್ತದೆ. ಭಾರತೀಯ ಮಾನಕ ಐಎಸ್ 10500:2012ರ ಪ್ರಕಾರ ಕುಡಿಯುವ ನೀರಿನ ಗಡಸುತನವು ಲೀಟರಿಗೆ 200 ಮಿಲಿಗ್ರಾಂ ಮೀರಬಾರದು. ಬೇರೆ ಮೂಲವಿಲ್ಲದ ಕಡೆ 600 ಮಿಲಿಗ್ರಾಂವರೆಗೆ ಅನುಮತಿಸಬಹುದಾಗಿದೆ. ಬಯಲುಸೀಮೆಯ ಜಿಲ್ಲೆಗಳಲ್ಲಿ ಕೊಳವೆ ಬಾವಿಯ ನೀರನ್ನೇ ಬಳಸುವ ಮನೆಗಳಲ್ಲಿ ಈ ತೊಂದರೆ ಹೆಚ್ಚು.

ಪದರ ದಪ್ಪವಾದಂತೆ ಕಾಯಿಲ್‌ನ ಶಾಖ ನೀರಿಗೆ ಸರಿಯಾಗಿ ತಲುಪುವುದಿಲ್ಲ. 2000 ವ್ಯಾಟ್‌ನ ಕಾಯಿಲ್ 15 ಲೀಟರ್ ನೀರನ್ನು 20 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಲು 20ರಿಂದ 25 ನಿಮಿಷ ಸಾಕು. ಅದಕ್ಕಿಂತ ಬಹಳ ಹೆಚ್ಚು ಸಮಯ ಹಿಡಿಯುತ್ತಿದ್ದು, ಜೊತೆಗೆ ಚಟಪಟ ಶಬ್ದವೂ ಇದ್ದಲ್ಲಿ ಸುಣ್ಣ ಕಟ್ಟಿರುವ ಸಂಭವ ಹೆಚ್ಚು. ನಿರ್ಲಕ್ಷಿಸಿದಲ್ಲಿ ಕಾಯಿಲ್ ಅತಿಯಾಗಿ ಬಿಸಿಯಾಗಿ ಬಿರುಕು ಬಿಟ್ಟು, ನೀರಿಗೆ ವಿದ್ಯುತ್ ಸೋರಿಕೆಯಾಗುವ ಅಪಾಯವಿದೆ. ಗಡಸು ನೀರಿರುವ ಕಡೆ ವರ್ಷಕ್ಕೊಮ್ಮೆ ತೊಟ್ಟಿ ಮತ್ತು ಕಾಯಿಲ್ ಅನ್ನು ತಂತ್ರಜ್ಞರಿಂದ ಶುಚಿಗೊಳಿಸಿ, ಮೆಗ್ನೀಷಿಯಂ ದಂಡವನ್ನೂ ಪರೀಕ್ಷಿಸಿಸತಕ್ಕದ್ದು.

ಕೊಳವೆಗಳಲ್ಲಿ ಬರುವ ಶಬ್ದ

ಮೇಲ್ತೊಟ್ಟಿ ಖಾಲಿಯಾಗಿ ಮತ್ತೆ ತುಂಬಿದ ನಂತರ ಗುಳುಗುಳು ಶಬ್ದ ಬಂದಲ್ಲಿ ಕೊಳವೆಯಲ್ಲಿ ಗಾಳಿ ಸೇರಿದೆ ಎಂದರ್ಥ. ಗೀಸರ್ ಆರಿಸಿ, ಬಿಸಿನೀರಿನ ನಲ್ಲಿಯನ್ನು ನೀರು ಎಡೆಬಿಡದೆ ಹರಿಯುವವರೆಗೆ ತೆರೆದಿಟ್ಟರೆ ಇದು ಸರಿಹೋಗುತ್ತದೆ. ನಲ್ಲಿಯನ್ನು ತಟ್ಟನೆ ಮುಚ್ಚಿದಾಗ ಢಣ್ ಎಂಬ ಹೊಡೆತ ಕೇಳಿಸುವುದು ಹರಿಯುವ ನೀರು ಒಮ್ಮೆಲೇ ನಿಲ್ಲುವುದರಿಂದ. ಒತ್ತಡದ ಪಂಪ್ ಇರುವ ಮನೆಗಳಲ್ಲಿ ಇದು ಹೆಚ್ಚು. ಕೊಳವೆಗಳನ್ನು ಗೋಡೆಗೆ ಬಿಗಿಯಾಗಿ ಕೂರಿಸಿ, ಪಂಪಿನ ಒತ್ತಡ ಗೀಸರ್‌ನ ಮಿತಿಯೊಳಗೆ ಇರುವಂತೆ ನೋಡಿಕೊಳ್ಳಬೇಕು.

ಸುರಕ್ಷತಾ ವಾಲ್ವ್‌ನಿಂದ ತೊಟ್ಟಿಕ್ಕುವ ನೀರು

20 ಡಿಗ್ರಿಯ 15 ಲೀಟರ್ ನೀರು 65 ಡಿಗ್ರಿಗೆ ಕಾದಾಗ ಸುಮಾರು ಕಾಲು ಲೀಟರಿನಷ್ಟು ಹಿಗ್ಗುತ್ತದೆ. ಹೀಗೆ ಹೆಚ್ಚಾದ ನೀರು ಸುರಕ್ಷತಾ ವಾಲ್ವ್‌ನಿಂದ ಹನಿಹನಿಯಾಗಿ ಹೊರಬರುವುದು ದೋಷವಲ್ಲ. ಇದನ್ನು ಸೋರಿಕೆಯೆಂದು ಭಾವಿಸಿ ವಾಲ್ವ್‌ನ ಬಾಯಿಗೆ ಬಿರಡೆ ಹಾಕುವುದು ಅಥವಾ ಅದನ್ನು ತೆಗೆದುಹಾಕುವುದು ಅತ್ಯಂತ ಅಪಾಯಕರ. ಥರ್ಮೋಸ್ಟಾಟ್ ಕೆಟ್ಟು, ವಾಲ್ವ್ ಕೂಡ ಮುಚ್ಚಿದ್ದಲ್ಲಿ ತೊಟ್ಟಿಯೇ ಸಿಡಿಯಬಹುದು.

ತಕ್ಷಣ ಬಳಕೆ ನಿಲ್ಲಿಸಬೇಕಾದ ಶಬ್ದಗಳು

1. ತೊಟ್ಟಿಯಲ್ಲಿ ನೀರು ಕುದಿಯುವ ಸದ್ದು, ನಲ್ಲಿಯಿಂದ ಹಬೆ, ಅಥವಾ ವಾಲ್ವ್‌ನಿಂದ ನಿರಂತರ ಸುಯ್ ಶಬ್ದ: ಥರ್ಮೋಸ್ಟಾಟ್ ಕೆಲಸ ನಿಲ್ಲಿಸಿರುವ ಸಂಭವವಿದೆ. ಮುಖ್ಯ ಫಲಕದಲ್ಲಿ ವಿದ್ಯುತ್ ಕಡಿತಗೊಳಿಸಿ ಬಚ್ಚಲುಮನೆಯಿಂದ ಹೊರಬರಬೇಕು. ಬಿಸಿನೀರಿನ ನಲ್ಲಿ ತೆರೆಯಬಾರದು.

2. ಸ್ವಿಚ್ ಅಥವಾ ಪ್ಲಗ್‌ನಿಂದ ಜುಯ್ ಶಬ್ದ, ಕಿಡಿ ಅಥವಾ ಸುಟ್ಟ ವಾಸನೆ: 2000 ವ್ಯಾಟ್‌ನ ಗೀಸರ್ 230 ವೋಲ್ಟ್‌ನಲ್ಲಿ ಸುಮಾರು 8.7 ಆಂಪಿಯರ್ ವಿದ್ಯುತ್ ಎಳೆಯುತ್ತದೆ. ಇದಕ್ಕೆ 6 ಆಂಪಿಯರ್ ಸಾಕೆಟ್ ಬಳಸಬಾರದು. ಭೂಸಂಪರ್ಕವಿರುವ 16 ಆಂಪಿಯರ್ ಸಾಕೆಟ್ ಅಗತ್ಯ. 30 ಮಿಲಿಆಂಪಿಯರ್‌ನ ಸೋರಿಕೆ ರಕ್ಷಕವನ್ನೂ ಅಳವಡಿಸಿರಬೇಕು.

3. ಅನಿಲ ಗೀಸರ್ ಹೊತ್ತಿಕೊಳ್ಳುವಾಗ ಭಪ್ ಎಂಬ ದೊಡ್ಡ ಸದ್ದು: ಕಿಡಿ ತಡವಾಗಿ ಬಂದು, ಅಷ್ಟರಲ್ಲಿ ಸಂಗ್ರಹವಾದ ಅನಿಲ ಒಮ್ಮೆಲೇ ಹೊತ್ತಿಕೊಳ್ಳುವುದರಿಂದ ಇದು ಉಂಟಾಗುತ್ತದೆ. ದುರ್ಬಲ ಬ್ಯಾಟರಿ ಅಥವಾ ಕಸ ಕಟ್ಟಿದ ಬರ್ನರ್ ಕಾರಣವಾಗಿರಬಹುದು. ಜ್ವಾಲೆ ನೀಲಿಯಾಗಿರದೆ ಹಳದಿಯಾಗಿದ್ದಲ್ಲಿ ಕಾರ್ಬನ್ ಮಾನಾಕ್ಸೈಡ್ ಉತ್ಪತ್ತಿಯಾಗುವ ಅಪಾಯವಿದೆ. ಈ ವಿಷಾನಿಲಕ್ಕೆ ಬಣ್ಣವಾಗಲಿ ವಾಸನೆಯಾಗಲಿ ಇಲ್ಲ. ತಲೆನೋವು, ತಲೆಸುತ್ತು, ವಾಕರಿಕೆ ಕಾಣಿಸಿದ ಕೂಡಲೇ ಹೊರಗಿನ ಗಾಳಿಗೆ ಬಂದು ವೈದ್ಯಕೀಯ ನೆರವು ಪಡೆಯಬೇಕು. ಕಿಟಕಿ ಮುಚ್ಚಿದ ಬಚ್ಚಲುಮನೆಯ ಒಳಗೆ ಅನಿಲ ಗೀಸರ್ ಅಳವಡಿಸುವುದು ಪ್ರಾಣಕ್ಕೆ ಕುತ್ತು.

ದುರಸ್ತಿ ಮತ್ತು ಸೇವೆಗಳು

ಗೀಸರ್‌ನ ಹೊದಿಕೆಯನ್ನು ಗ್ರಾಹಕರು ಸ್ವತಃ ಬಿಚ್ಚಬಾರದು. ವೈರಿಂಗ್ ಕೆಲಸವನ್ನು ಪರವಾನಗಿ ಹೊಂದಿದ ವಿದ್ಯುತ್ ಗುತ್ತಿಗೆದಾರರಿಂದಲೇ ಮಾಡಿಸಿ ರಸೀದಿ ಪಡೆಯತಕ್ಕದ್ದು. ಹೊಸ ಗೀಸರ್ ಕೊಳ್ಳುವಾಗ ಐ.ಎಸ್.ಐ. ಗುರುತನ್ನು ಪರಿಶೀಲಿಸಬೇಕು. ಗೀಸರ್ ಸೇರ್ಪಡೆಯಿಂದ ಮನೆಯ ವಿದ್ಯುತ್ ಭಾರವು ಮಂಜೂರಾದ ಪ್ರಮಾಣವನ್ನು ಮೀರುವುದಾದಲ್ಲಿ, ಹೆಚ್ಚುವರಿ ಭಾರಕ್ಕಾಗಿ ತಮ್ಮ ವ್ಯಾಪ್ತಿಯ ವಿದ್ಯುತ್ ಸರಬರಾಜು ಕಂಪನಿಗೆ ಅರ್ಜಿ ಸಲ್ಲಿಸಬೇಕು.

ಸಹಾಯವಾಣಿಗಳು: ವಿದ್ಯುತ್ ಸಂಬಂಧಿತ ದೂರು 1912, ಅಡುಗೆ ಅನಿಲ ಸೋರಿಕೆ 1906, ದೋಷಯುಕ್ತ ಉಪಕರಣ ಅಥವಾ ಸೇವೆಯ ಬಗ್ಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915, ಆಂಬ್ಯುಲೆನ್ಸ್ 108.

ಗಮನಿಸಿ: ಶಬ್ದದ ಕಾರಣ ತಿಳಿಯದಿದ್ದಲ್ಲಿ ಗೀಸರ್ ಅನ್ನು ಆರಿಸಿ ಪರೀಕ್ಷೆಗೆ ಒಳಪಡಿಸುವವರೆಗೆ ಬಳಸಬಾರದು. ವಿದ್ಯುತ್ ಗೀಸರ್‌ನಲ್ಲಿ ನೀರು ಕಾದ ನಂತರ ಸ್ವಿಚ್ ಆರಿಸಿಯೇ ಸ್ನಾನಕ್ಕೆ ಇಳಿಯುವುದು ಎಲ್ಲ ಸಂದರ್ಭಗಳಲ್ಲಿಯೂ ಸುರಕ್ಷಿತ.