ಹೊಸೂರಿನ ಪಾತರಗಿತ್ತಿ: ಅಸಲು ಯಾವುದು, ನಕಲು ಯಾವುದು?

ಒಂದೇ ಬಗೆಯ ಅಂಗಿ ತೊಟ್ಟ ಅವಳಿ ಮಕ್ಕಳನ್ನು ಹೆತ್ತ ತಾಯಿಯೂ ಒಮ್ಮೊಮ್ಮೆ ಹೆಸರು ತಪ್ಪಿ ಕರೆಯುವುದುಂಟು. ಹಾಗಿರುವಾಗ ಕಣ್ಣೆದುರು ಸುಳಿದು ಮರೆಯಾಗುವ ಪಾತರಗಿತ್ತಿಯ ಗುರುತು ಹಿಡಿಯುವುದು ಸುಲಭವೇ? ಯುರೋಪಿನ ಆಲ್ಪ್ಸ್ ಪರ್ವತದ ಎರೆಬಿಯಾ ಎಂಬ ಕಂದು ಚಿಟ್ಟೆಗಳ ಹಲವು ಜಾತಿಗಳು ಒಂದನ್ನೊಂದು ಎಷ್ಟು ಹೋಲುತ್ತವೆಂದರೆ, ತಜ್ಞರೂ ತಡವರಿಸುತ್ತಾರೆ. ಆದರೆ ಈ ತೊಡಕನ್ನು ಕಾಣಲು ಅಷ್ಟು ದೂರ ಹೋಗಬೇಕಾಗಿಲ್ಲವೆಂದು ನಮಗೆ ಹೊಸೂರಿನ ಕಡೆ ಹೋದಾಗ ತಿಳಿಯಿತು.

ಹೊಸೂರು ಇರುವುದು 2004ರಲ್ಲಿ ಧರ್ಮಪುರಿಯಿಂದ ಬೇರೆಯಾದ ಕೃಷ್ಣಗಿರಿ ಜಿಲ್ಲೆಯಲ್ಲಿ. ಬೆಂಗಳೂರಿಗೆ ಸುಮಾರು 40 ಕಿಲೋಮೀಟರು. ಹೊಸೂರು, ತಳಿ, ಡೆಂಕಣಿಕೋಟೆಯ ಸುತ್ತ ಕನ್ನಡ ಮನೆಮಾತಿನ ಕುಟುಂಬಗಳು ಇಂದಿಗೂ ಇವೆ; ನಮ್ಮಂತೆಯೇ ಗಡಿಯಾಚೆ ಉಳಿದವರು. ತಳಿಯ ಹತ್ತಿರದ ಅಂಥ ಒಂದು ನೆಂಟರ ಮನೆಯಲ್ಲಿ ನಾವು ಎರಡು ದಿನ ತಂಗಿದ್ದೆವು.

ಹಿತ್ತಲಿನ ಲಂಟಾನ ಪೊದೆಯಲ್ಲಿ ಕಪ್ಪು ಚಿಟ್ಟೆಗಳು ಮುತ್ತಿಕೊಂಡಿದ್ದವು. ಹಿಂದಿನ ರೆಕ್ಕೆಯಲ್ಲಿ ಬಿಳಿ ಪಟ್ಟೆ, ಅಂಚಿನಲ್ಲಿ ಕೆಂಪು ಬೊಟ್ಟು. ಎಲ್ಲವೂ ‘ಕಾಮನ್ ರೋಸ್’ ಎಂದು ಪುಸ್ತಕದಲ್ಲಿ ಬರೆದುಕೊಂಡೆವು. ಪಕ್ಕದಲ್ಲಿ ನಿಂತಿದ್ದ ಮನೆಯ ಹುಡುಗ ನಕ್ಕ.

“ಮಾವ, ರೆಕ್ಕೆ ನೋಡ್ಬೇಡಿ, ಮೈ ನೋಡಿ.”

ನೋಡಿದೆವು. ಕೆಂಪು ಮೈಯವು ಎರಡೇ. ಉಳಿದವುಗಳ ಮೈ ಕಪ್ಪು! ಕೆಂಪು ಮೈಯದೇ ನಿಜವಾದ ಕಾಮನ್ ರೋಸ್. ಅದರ ಹುಳು ಈಶ್ವರಬಳ್ಳಿಯ ಎಲೆ ತಿಂದು ಬೆಳೆಯುತ್ತದೆ. ಆ ಬಳ್ಳಿಯ ನಂಜು ಚಿಟ್ಟೆಯ ಮೈಯಲ್ಲೂ ಉಳಿಯುವುದರಿಂದ, ಒಮ್ಮೆ ರುಚಿ ಕಂಡ ಹಕ್ಕಿ ಮತ್ತೆ ಅದರ ತಂಟೆಗೆ ಹೋಗದು. ಕಪ್ಪು ಮೈಯದು ‘ಕಾಮನ್ ಮಾರ್ಮನ್’ ಎಂಬ ಬೇರೆ ಜಾತಿಯ ಹೆಣ್ಣು. ಕರಿಬೇವು, ನಿಂಬೆಯ ಎಲೆ ತಿಂದು ಬೆಳೆದ ಸಾಧು ಪ್ರಾಣಿ. ನಂಜಿಲ್ಲ, ನಂಜಿನವರ ವೇಷ ಮಾತ್ರ ಇದೆ.

ರಸ್ತೆ ಬದಿಯ ಎಕ್ಕದ ಗಿಡದ ಬಳಿ ಇನ್ನೊಂದು ಜೋಡಿ ಕಂಡಿತು. ಕಿತ್ತಳೆ ಬಣ್ಣದ ‘ಪ್ಲೇನ್ ಟೈಗರ್’ ಎಕ್ಕ ತಿಂದು ಬೆಳೆದು ಹಕ್ಕಿಗೆ ಕಹಿಯಾದದ್ದು. ‘ಡಾನಾಯ್ಡ್ ಎಗ್‌ಫ್ಲೈ’ಯ ಹೆಣ್ಣು ಅದರ ಪಡಿಯಚ್ಚು. ಹಿಂದಿನ ರೆಕ್ಕೆಯ ನಡುವೆ ಮೂರೋ ನಾಲ್ಕೋ ಕಪ್ಪು ಚುಕ್ಕೆಗಳಿದ್ದರೆ ಅಸಲು. ಮೇಲಂಚಿನಲ್ಲಿ ಒಂದೇ ಚುಕ್ಕೆಯಿದ್ದರೆ ನಕಲು.

ಈ ವೇಷಗಾರಿಕೆಯನ್ನು ಮೊದಲು ವಿವರಿಸಿದವರು ಅಮೆಜಾನ್ ಕಾಡುಗಳಲ್ಲಿ ಅಲೆದ ಹೆನ್ರಿ ಬೇಟ್ಸ್, 1862ರಲ್ಲಿ. ಬೇರೆ ಬೇರೆ ರೂಪದ ಮಾರ್ಮನ್‌ಗಳು ಒಂದೇ ಜಾತಿಯ ಹೆಣ್ಣುಗಳೆಂದು ತೋರಿಸಿದವರು ಆಲ್ಫ್ರೆಡ್ ವಾಲೇಸ್, 1865ರಲ್ಲಿ. ‘ಡಬಲ್‌ಸೆಕ್ಸ್’ ಎಂಬ ಒಂದೇ ವಂಶವಾಹಿ ಈ ಹೆಣ್ಣಿಗೆ ವೇಷ ತೊಡಿಸುತ್ತದೆಂದು 2014ರಲ್ಲಿ ಕಂಡುಕೊಂಡ ವಿಜ್ಞಾನಿಗಳ ತಂಡದಲ್ಲಿ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಕೃಷ್ಣಮೇಘ ಕುಂಟೆಯವರಿದ್ದರು.

ಹೆಸರು ಯಾವುದಾದರೇನು, ಚಿಟ್ಟೆ ಚಿಟ್ಟೆಯೇ ಅಲ್ಲವೇ ಎಂದು ಓದುಗರು ಕೇಳಬಹುದು. ಅಲ್ಲ. ನಕಲು ಬದುಕುವುದು ಅಸಲಿನ ಹೆಸರಿನ ಬಲದಿಂದ. ಅಸಲು ಕಡಿಮೆಯಾಗಿ ನಕಲೇ ಹೆಚ್ಚಾದರೆ, ಎಳೆಯ ಹಕ್ಕಿಗಳು ನಂಜಿನ ಪಾಠ ಕಲಿಯುವುದೆಲ್ಲಿಂದ? ಈಶ್ವರಬಳ್ಳಿಯನ್ನು ಕಳೆಯೆಂದು ಬೇಲಿಯಿಂದ ಕಿತ್ತೆಸೆದರೆ ಮೊದಲು ಕಾಮನ್ ರೋಸ್ ಹೋಗುತ್ತದೆ. ಅದರ ಹೆಸರಿನಲ್ಲಿ ಬಾಳುವ ಮಾರ್ಮನ್‌ಗೂ ಆಸರೆ ತಪ್ಪುತ್ತದೆ. ನಮ್ಮಂತೆ ಎಲ್ಲವನ್ನೂ ಒಂದೇ ಹೆಸರಿನಲ್ಲಿ ಬರೆದಿಟ್ಟರೆ, ಬಳ್ಳಿಯೊಡನೆ ಚಿಟ್ಟೆ ಹೋದದ್ದೇ ಲೆಕ್ಕಕ್ಕೆ ಸಿಗದು. ಪುಸ್ತಕ ತುಂಬಿರುತ್ತದೆ, ಹಿತ್ತಲು ಬರಿದಾಗಿರುತ್ತದೆ.

ಆ ಹುಡುಗನಲ್ಲಿ ಬಲೆಯಾಗಲಿ ಸೂಜಿಯಾಗಲಿ ಇರಲಿಲ್ಲ, ಇದ್ದದ್ದು ತಾಳ್ಮೆ. ಚಿಟ್ಟೆ ಹೂವಿನ ಮೇಲೆ ಕೂರುವ ತನಕ ಅವನು ಕಾದು ನೋಡುತ್ತಿದ್ದ. ಈ ಎರಡು ಜೋಡಿಗಳೂ ನಮ್ಮ ಕಾಸರಗೋಡಿನ ತೋಟಗಳಿಗೆ ಹೊಸತಲ್ಲ. ನಾಳೆ ಅಂಗಳದ ಹೂಗಿಡದಲ್ಲಿ ಕಪ್ಪು ಚಿಟ್ಟೆಯೊಂದು ಕುಳಿತರೆ, ಮಕ್ಕಳನ್ನು ಕರೆದು ತೋರಿಸಿ. ಮೈ ಕೆಂಪೋ ಕಪ್ಪೋ ಎಂದು ಅವರೇ ಹೇಳಲಿ. ಬೇಲಿಯಲ್ಲಿ ಈಶ್ವರಬಳ್ಳಿ ಇದ್ದರೆ, ಅದು ಅಲ್ಲೇ ಇರಲಿ.

ನಮ್ಮ ಪುಸ್ತಕದ ಆ ಪುಟವನ್ನು ಹೊಡೆದುಹಾಕಿ, ಹುಡುಗನ ಎದುರಿಗೇ ತಿದ್ದಿ ಬರೆದೆವು.